ಲಾವಂಚ, ಆಸವ ಮತ್ತು ಮದ್ಯಸಾರ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಹೋದ ಸಂಚಿಕೆಯಲ್ಲಿ ಬೇಸಿಗೆಯ ಪಾನೀಯಗಳ ಕುರಿತು ಬರೆಯುವಾಗ ಲಾವಂಚದ ಪ್ರಸ್ತಾಪ ಬಂದಿತ್ತು. ಅದನ್ನು ಓದಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರಿನ ಲಾವಂಚವನ್ನು ಬಿಟ್ಟು, ಮದ್ಯಸಾರದೊಡನೆ ಕೂಡಿದ ಲಾವಂಚದ ಔಷಧಿಗಳ ಬಗ್ಗೆಯೇ ಕೇಳಿವೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಎಂದಿನಂತೆ ಪ್ರಕಟಿಸಿಲ್ಲ.

ಪ್ರಶ್ನೆ: ವೈದ್ಯರಿಗೆ ನಮಸ್ಕಾರಗಳು. ನಾನು ನಿವೃತ್ತ ಶಿಕ್ಷಕ, ವಯಸ್ಸು 67. ಬೇಸಿಗೆ ಬಂತೆಂದರೆ ಆಗಾಗ ಮೂಗಿನಿಂದ ರಕ್ತ ಬರುತ್ತದೆ, ಅಂಗೈ ಅಂಗಾಲು ಉರಿಯುತ್ತವೆ. ನಮ್ಮೂರಿನ ಆಯುರ್ವೇದ ವೈದ್ಯರು ಉಶೀರಾಸವವನ್ನು (ಉಶೀರವೆಂದರೆ ಲಾವಂಚ, ಆಸವವೆಂದರೆ ಹುದುಗಿಸಿದ ದ್ರವೌಷಧಿ) ಬರೆದುಕೊಟ್ಟರು. ಮನೆಗೆ ತಂದು ಲೇಬಲ್ಲು ಓದಿದಾಗ ಅದರಲ್ಲಿ ಮದ್ಯಸಾರವಿದೆಯೆಂದು ತಿಳಿಯಿತು. ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ. ಇದು ಮದ್ಯವೇ? ಇದರ ಬದಲು ಲಾವಂಚದ ಬೇರನ್ನು ನೀರಿನಲ್ಲಿ ಕುದಿಸಿ ಕುಡಿದರೆ ಸಾಲದೇ?
— ಓದುಗರು, ಮಧುಗಿರಿ

ಉತ್ತರ: ಮೊದಲು ಲೆಕ್ಕವನ್ನು ನೋಡೋಣ, ಆಮೇಲೆ ಶಾಸ್ತ್ರಕ್ಕೆ ಬರೋಣ. ಉಶೀರಾಸವದಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 5ರಿಂದ 10ರವರೆಗೆ ಇರುತ್ತದೆ. ಶೇ. 8 ಇದೆಯೆಂದು ಇಟ್ಟುಕೊಂಡರೂ ನೀವು ಒಂದು ಹೊತ್ತಿಗೆ ಕುಡಿಯುವ 15 ಮಿ.ಲೀ. ಔಷಧಿಯಲ್ಲಿ ಇರುವ ಮದ್ಯಸಾರ 1.2 ಮಿ.ಲೀ. ಮಾತ್ರ. ಶೇ. 5 ಮದ್ಯಸಾರವಿರುವ 650 ಮಿ.ಲೀ. ಬಿಯರ್ ಬಾಟಲಿಯೊಂದರಲ್ಲಿ ಅದು 32.5 ಮಿ.ಲೀ. ಆಗುತ್ತದೆ. ಹೇಳಿದ ಅಳತೆಯಲ್ಲಿ, ಊಟದ ನಂತರ, ಸಮಪ್ರಮಾಣದ ನೀರು ಬೆರೆಸಿ ಕುಡಿದರೆ ಅಮಲೇರುವ ಪ್ರಶ್ನೆಯೇ ಇಲ್ಲ. ಆದರೆ ಮದ್ಯಸಾರ ಇಲ್ಲವೇ ಇಲ್ಲ ಎಂದು ಯಾರಾದರೂ ನಿಮ್ಮನ್ನು ಸಮಾಧಾನಪಡಿಸಿದರೆ ಅದು ಸುಳ್ಳು. ಇದೆ, ಮತ್ತು ಅದನ್ನು ತಿಳಿದೇ ಕುಡಿಯಬೇಕು. ವ್ರತದ ಕಾರಣಕ್ಕೆ ಒಂದು ಹನಿಯೂ ಬೇಡವೆನ್ನುವವರು ಹಾಗೆಂದು ವೈದ್ಯರಿಗೆ ಮೊದಲೇ ಹೇಳಿದರೆ ಬೇರೆ ಕಲ್ಪನೆಯನ್ನು, ಅಂದರೆ ಕಷಾಯವನ್ನೋ ಚೂರ್ಣವನ್ನೋ, ಕೊಡುವುದು ಕಷ್ಟವಲ್ಲ.

ಈ ಮದ್ಯಸಾರವನ್ನು ಹೊರಗಿನಿಂದ ತಂದು ಸುರಿಯುವುದಿಲ್ಲ. ಅದು ಪಾತ್ರೆಯೊಳಗೇ ಹುಟ್ಟುತ್ತದೆ. ಭೈಷಜ್ಯ ರತ್ನಾವಳಿ ಎಂಬ ಆಯುರ್ವೇದ ಗ್ರಂಥವು ರಕ್ತಪಿತ್ತದ, ಅಂದರೆ ಮೂಗು ಮೊದಲಾದ ಕಡೆಗಳಿಂದ ರಕ್ತ ಸೋರುವ ರೋಗದ, ಚಿಕಿತ್ಸೆಯಲ್ಲಿ ಹೇಳಿರುವ ಈ ಯೋಗದಲ್ಲಿ (ಔಷಧಿಯ ಮಿಶ್ರಣದಲ್ಲಿ) ಲಾವಂಚ, ತಾವರೆ, ನೈದಿಲೆ, ಲೋಧ್ರ, ಮಂಜಿಷ್ಠ, ಪರ್ಪಾಟಕ, ಕಿರಾತಕಡ್ಡಿ, ಆಲ, ಅತ್ತಿ, ನೇರಳೆಗಳ ತೊಗಟೆ ಮೊದಲಾಗಿ ಇಪ್ಪತ್ತಕ್ಕೂ ಹೆಚ್ಚು ದ್ರವ್ಯಗಳು ತಲಾ ಒಂದು ಪಲ, ಅಂದರೆ ಈಗಿನ ತೂಕದಲ್ಲಿ 48 ಗ್ರಾಂ, ಸೇರುತ್ತವೆ. ಅವಕ್ಕೆ 20 ಪಲ ದ್ರಾಕ್ಷಿ, 16 ಪಲ ಧಾತಕಿ ಹೂವು, ಸುಮಾರು 24.5 ಲೀಟರ್ ನೀರು, 4.8 ಕಿಲೋ ಸಕ್ಕರೆ, 2.4 ಕಿಲೋ ಜೇನುತುಪ್ಪ. ಜಟಾಮಾಂಸಿ ಮತ್ತು ಮೆಣಸಿನ ಹೊಗೆ ಹಿಡಿಸಿದ ಪಾತ್ರೆಯಲ್ಲಿ ಇವನ್ನು ಮುಚ್ಚಿ ಒಂದು ತಿಂಗಳು ಇಡುತ್ತಾರೆ. ಧಾತಕಿ ಹೂವಿನಲ್ಲಿ ಸಹಜವಾಗಿಯೇ ಇರುವ ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಉಂಟುಮಾಡುತ್ತದೆ. ಹುದುಗುವಿಕೆ ನಿಂತಿದೆಯೇ ಎಂದು ತಿಳಿಯಲು ಪಾತ್ರೆಗೆ ಕಿವಿಗೊಟ್ಟು ಗುಳುಗುಳು ಸದ್ದು ಅಡಗಿದೆಯೇ ಎಂದು ಕೇಳುವುದು, ಉರಿಯುವ ಕಡ್ಡಿಯನ್ನು ಬಾಯಿಯ ಬಳಿ ಹಿಡಿದು ಅದು ಆರದೆ ಉರಿಯುತ್ತದೆಯೇ ಎಂದು ನೋಡುವುದು ಇಂದಿಗೂ ತಯಾರಿಕಾ ಶಾಲೆಗಳಲ್ಲಿ ನಡೆಯುವ ಪರೀಕ್ಷೆಗಳು.

ಇನ್ನು, ಕುದಿಸಿದರೆ ಸಾಲದೇ ಎಂಬ ಪ್ರಶ್ನೆ. ಹಳೆಯ ಆಯುರ್ವೇದ ಗ್ರಂಥಕಾರ ಶಾರ್ಙ್ಗಧರನು ಕಷಾಯ ಮಾಡಿ ಹುದುಗಿಸಿದ್ದನ್ನು ಅರಿಷ್ಟವೆಂದೂ, ಕುದಿಸದ ದ್ರವ್ಯವನ್ನೂ ನೀರನ್ನೂ ಸೇರಿಸಿ ಹುದುಗಿಸಿದ್ದನ್ನು ಆಸವವೆಂದೂ ವಿಂಗಡಿಸಿದ್ದಾನೆ. ಲಾವಂಚದ್ದು ಆಸವವೇ ಹೊರತು ಅರಿಷ್ಟವಲ್ಲ. ಪರಿಮಳವೇ ಜೀವಾಳವಾದ ಬೇರನ್ನು ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅದರ ಸುಗಂಧತೈಲದ ಒಂದು ಪಾಲು ಆವಿಯೊಡನೆ ಅಡುಗೆಮನೆಯ ಗಾಳಿಗೆ ಹೋಗುತ್ತದೆ. ಹೀಗಾಗಿ ಮನೆಯಲ್ಲಿ ಮಾಡುವವರೂ ಲಾವಂಚವನ್ನು ಗಳಗಳನೆ ಕುದಿಸಬೇಕಾಗಿಲ್ಲ. ಹತ್ತು ಗ್ರಾಂನಷ್ಟು ಬೇರನ್ನು ಮಣ್ಣು ಹೋಗುವಂತೆ ಚೆನ್ನಾಗಿ ತೊಳೆದು, ಜಜ್ಜಿ, ಒಂದು ಲೋಟ ಕಾಯಿಸಿ ಆರಿಸಿದ ನೀರಿನಲ್ಲಿ ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ಸೋಸಿ ಕುಡಿಯುವುದು ಉತ್ತಮ. ಇದಕ್ಕೆ ಹಿಮ ಕಲ್ಪನೆಯೆಂದು ಹೆಸರು. ಜ್ವರದ ಬಾಯಾರಿಕೆಗೆ ಚರಕಸಂಹಿತೆಯಲ್ಲಿ ಹೇಳಿರುವ ಷಡಂಗಪಾನೀಯ ಮಾತ್ರ ಇದಕ್ಕೆ ಅಪವಾದ. ಅದರಲ್ಲಿ ಭದ್ರಮುಷ್ಟಿ, ಪರ್ಪಾಟಕ, ಲಾವಂಚ, ಚಂದನ, ಬಾಳದ ಬೇರು, ಶುಂಠಿಗಳನ್ನು ನೀರಿನಲ್ಲಿ ಕಾಯಿಸುತ್ತಾರೆ.

ಆಸವವನ್ನು ಹೊಗಳುವವರು ಸಾಮಾನ್ಯವಾಗಿ ಹೇಳದಿರುವ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಮೇಲಿನ ಲೆಕ್ಕದಂತೆ ಸುಮಾರು 25 ಲೀಟರ್ ನೀರಿಗೆ ಬೀಳುವ ಲಾವಂಚ 48 ಗ್ರಾಂ ಮಾತ್ರ. ಹಾಗಾದರೆ ನೀವು ಕುಡಿಯುವ 15 ಮಿ.ಲೀ. ಆಸವದ ಪಾಲಿಗೆ ಬರುವ ಲಾವಂಚ ಒಂದು ಗ್ರಾಮಿನ ಮೂವತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಹೆಸರು ಲಾವಂಚದ್ದಾದರೂ ಉಶೀರಾಸವವು ತಂಪು, ಕಹಿ, ಒಗರು ದ್ರವ್ಯಗಳ ಒಂದು ಕೂಟ. ಅದರ ಕೆಲಸ ಆ ಕೂಟದ್ದು. ಆದ್ದರಿಂದ ‘ಲಾವಂಚದ ನೀರು ಉಶೀರಾಸವಕ್ಕೆ ಸಮವೇ’ ಎಂದು ಕೇಳಿದರೆ ಎರಡೂ ಬೇರೆ ಬೇರೆ ಔಷಧಿಗಳೆಂದೇ ಹೇಳಬೇಕಾಗುತ್ತದೆ. ಉರಿ, ಬಾಯಾರಿಕೆ, ಅತಿಬೆವರುಗಳಿಗೆ ಲಾವಂಚವೊಂದೇ ಬೇಕೆಂದಾದರೆ ರಾತ್ರಿ ನೆನೆಸಿದ ನೀರಿನಲ್ಲಿ ಅದು ಆಸವದಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ನಿಮಗೆ ದೊರೆಯುತ್ತದೆ. ರಕ್ತಪಿತ್ತಕ್ಕೆ, ಮೂಲವ್ಯಾಧಿಯ ರಕ್ತಸ್ರಾವಕ್ಕೆ ವೈದ್ಯರು ಆಸವವನ್ನೇ ಆರಿಸಿದ್ದರೆ ಅವರ ಮನಸ್ಸಿನಲ್ಲಿರುವುದು ಇಡೀ ಕೂಟ.

ತಂಪಿನ ಮದ್ದಿಗೆ ಉಷ್ಣಗುಣದ ಮದ್ಯವೇಕೆ ಎಂಬ ಸಂದೇಹ ನಿಮಗೆ ಬಂದಿರಬಹುದು. ಚರಕನು ಮದ್ಯಕ್ಕೆ ಲಘು, ಉಷ್ಣ, ತೀಕ್ಷ್ಣ, ಸೂಕ್ಷ್ಮ, ಆಮ್ಲ, ವ್ಯವಾಯಿ, ಆಶುಗ, ರೂಕ್ಷ, ವಿಕಾಸಿ, ವಿಶದ ಎಂಬ ಹತ್ತು ಗುಣಗಳನ್ನು ಹೇಳಿದ್ದಾನೆ. ಇವುಗಳಲ್ಲಿ ಸೂಕ್ಷ್ಮ, ವ್ಯವಾಯಿ (ಬೇಗ ಹರಡುವ), ಆಶುಗ (ವೇಗವಾಗಿ ಸಾಗುವ) ಎಂಬ ಮೂರು ಔಷಧಿಯನ್ನು ಬೇಗ ಒಯ್ಯಲು ಅನುಕೂಲವಾದವು. ಉಷ್ಣ, ತೀಕ್ಷ್ಣಗಳು ಪಿತ್ತದ ರೋಗಿಗೆ ಪ್ರತಿಕೂಲವಾದವು. ಸಕ್ಕರೆ, ದ್ರಾಕ್ಷಿ, ಜೇನು ಮತ್ತು ತಂಪು ದ್ರವ್ಯಗಳ ಭಾರದಿಂದ ಆ ಪ್ರತಿಕೂಲವನ್ನು ಹತ್ತಿಕ್ಕಿದ್ದಾರೆಂದು ಸಮರ್ಥನೆ ಕೊಡುತ್ತಾರೆ. ಸಮರ್ಥನೆ ಸರಿಯೇ. ಆದರೂ ಚರಕಸಂಹಿತೆಯ ಸೂತ್ರಸ್ಥಾನದ 25ನೇ ಅಧ್ಯಾಯವನ್ನು ಓದುವಾಗಲೆಲ್ಲ ನನ್ನ ಗಮನಕ್ಕೆ ಬರುವ ಸಂಗತಿಯೊಂದಿದೆ. ಉರಿ, ಚರ್ಮದೋಷ, ಬೆವರುಗಳನ್ನು ಕಳೆಯುವ ಲೇಪಗಳಲ್ಲಿ ಲಾಮಜ್ಜಕ (ಲಾವಂಚವನ್ನು ಹೋಲುವ ಪರಿಮಳದ ಹುಲ್ಲು) ಮತ್ತು ಉಶೀರಗಳೇ ಶ್ರೇಷ್ಠವೆಂದು ಆ ಅಧ್ಯಾಯ ಹೇಳುತ್ತದೆ. ಅದೇ ಅಧ್ಯಾಯದ ಕೊನೆಯಲ್ಲಿ 84 ಆಸವಗಳ ಎಣಿಕೆ ಬರುತ್ತದೆ, ಬೇರಿನಿಂದಾಗುವ 11 ಆಸವಗಳ ಪಟ್ಟಿಯೂ ಇದೆ, ಆದರೆ ಆ ಹನ್ನೊಂದರಲ್ಲಿ ಉಶೀರವಿಲ್ಲ. ಉಶೀರಾಸವ ಬಹಳ ಈಚಿನ ಗ್ರಂಥದ ಯೋಗ. ಲಾವಂಚದ ಹಳೆಯ ಕೀರ್ತಿ ನಿಂತಿರುವುದು ಲೇಪದ ಮೇಲೆ, ನೀರಿನ ಮೇಲೆ.

ಕೊನೆಯದಾಗಿ ನಿಮ್ಮ ಮೂಗಿನ ವಿಷಯ. ಅರವತ್ತು ದಾಟಿದವರಲ್ಲಿ ಮೂಗಿನಿಂದ ಪದೇ ಪದೇ ರಕ್ತ ಬರುತ್ತಿದ್ದರೆ ಯಾವ ಆಸವಕ್ಕೂ ಮುನ್ನ ರಕ್ತದೊತ್ತಡವನ್ನು ಅಳೆಸಬೇಕು. ಹೃದಯಕ್ಕೆಂದು ಆಸ್ಪಿರಿನ್‌ನಂತಹ ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ರಕ್ತ ಬಂದಾಗ ತಲೆಯನ್ನು ಹಿಂದಕ್ಕೆ ಚೆಲ್ಲಿ ಮಲಗಬೇಡಿ. ಕುಳಿತು, ಸ್ವಲ್ಪ ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿಹಿಡಿದು ಬಾಯಿಯಿಂದ ಉಸಿರಾಡಿ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಲಾವಂಚದ ಬೇರನ್ನು ಬ್ರಾಂದಿ ಅಥವಾ ವೋಡ್ಕಾದಲ್ಲಿ ಹದಿನೈದು ದಿನ ನೆನೆಸಿ ಟಿಂಕ್ಚರ್ ಮಾಡಿಕೊಂಡರೆ ನಿದ್ದೆ, ಉರಿ, ಚರ್ಮರೋಗ ಎಲ್ಲಕ್ಕೂ ಒಳ್ಳೆಯದಂತೆ. ವೋಡ್ಕಾದ ಬದಲು ಮೆಡಿಕಲ್ ಸ್ಟೋರಿನ ಸ್ಪಿರಿಟ್ ಬಳಸಬಹುದೇ?
— ಯುವಕ, ಗೌರಿಬಿದನೂರು

ಉತ್ತರ: ಬಳಸಬಾರದು. ಈ ಅಂಕಣದಲ್ಲಿ ಬೇರೇನನ್ನು ಓದದಿದ್ದರೂ ಇದೊಂದನ್ನು ಓದಿ. ಗಾಯ ಒರೆಸುವ ಸ್ಪಿರಿಟ್, ಕೈಗೆ ಹಚ್ಚುವ ಸ್ಯಾನಿಟೈಸರ್, ಪಾಲಿಷ್ ಮಾಡುವವರ ಸ್ಪಿರಿಟ್ ಇವು ಕುಡಿಯಲು ಅಲ್ಲ. ಇವುಗಳಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಇರಬಹುದು, ಅಥವಾ ಕುಡಿಯದಿರಲೆಂದೇ ಬೆರೆಸಿದ ಮೆಥನಾಲ್ ಇರಬಹುದು. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಕಳ್ಳಭಟ್ಟಿ ದುರಂತಗಳಲ್ಲಿ ದೃಷ್ಟಿ ಹೋಗುವುದು, ಪ್ರಾಣ ಹೋಗುವುದು ಇದರಿಂದಲೇ. ಬೇರು ನೆನೆಸಿದ ಮಾತ್ರಕ್ಕೆ ಆ ವಿಷ ಎಲ್ಲಿಗೂ ಹೋಗುವುದಿಲ್ಲ.

ಟಿಂಕ್ಚರ್ ಎಂಬ ವಿಧಾನದಲ್ಲೇ ದೋಷವಿದೆಯೆಂದು ನಾನು ಹೇಳುತ್ತಿಲ್ಲ. ಪಾಶ್ಚಾತ್ಯ ಗಿಡಮೂಲಿಕೆ ವೈದ್ಯದಲ್ಲಿ ಒಣ ಮೂಲಿಕೆಯ ಒಂದು ಭಾಗಕ್ಕೆ ಐದು ಭಾಗ ದ್ರಾವಣದಂತೆ, ಶೇ. 40ರಿಂದ 60ರಷ್ಟು ಮದ್ಯಸಾರದಲ್ಲಿ, ಎರಡು ಮೂರು ವಾರ ನೆನೆಸಿ ಸೋಸುವುದು ರೂಢಿ. ಲಾವಂಚದ ಎಣ್ಣೆಯ ಮುಖ್ಯಾಂಶಗಳಾದ ಖುಸಿಮಾಲ್, ವೆಟಿವೋನ್ ಮೊದಲಾದವು ಸೆಸ್ಕ್ವಿಟರ್ಪೀನ್ ಎಂಬ ಭಾರವಾದ ಅಣುಗಳ ಗುಂಪಿಗೆ ಸೇರಿದವು. ಅವು ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಗಾಢ ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತವೆ, ಬೇಗ ಆವಿಯಾಗುವುದೂ ಇಲ್ಲ. ಆವಿಯಿಂದ ಲಾವಂಚದ ಎಣ್ಣೆ ಇಳಿಸುವವರು ಒಂದು ಕಂತಿಗೆ ಹಗಲು ರಾತ್ರಿ ಒಲೆ ಉರಿಸುವುದೂ, ಅತ್ತರಿನವರು ಬೇರೆ ಪರಿಮಳಗಳನ್ನು ಹಿಡಿದಿಡಲು ಅದನ್ನು ಬಳಸುವುದೂ ಈ ಭಾರದ ಕಾರಣಕ್ಕೇ. ಶೇ. 8 ಮದ್ಯಸಾರದ ಆಸವದಲ್ಲಿ ಈ ಎಣ್ಣೆ ಕೊಂಚವೇ ಇಳಿಯುತ್ತದೆ, ಶೇ. 50ರ ಟಿಂಕ್ಚರಿನಲ್ಲಿ ಎಣ್ಣೆಯೂ ರಾಳವೂ ಧಾರಾಳವಾಗಿ ಇಳಿಯುತ್ತವೆ. ಹಾಗಾಗಿ ಆಸವಕ್ಕೆ ಗ್ರಂಥದಲ್ಲಿರುವ ಗುಣಗಳನ್ನೂ ಅಳತೆಯನ್ನೂ ಟಿಂಕ್ಚರಿಗೆ ಅಂಟಿಸುವಂತಿಲ್ಲ. ಆಸವವನ್ನು 12ರಿಂದ 24 ಮಿ.ಲೀ. ಕುಡಿಯುತ್ತಾರೆ. ಅದೇ ಕೈಯಳತೆಯಲ್ಲಿ ಟಿಂಕ್ಚರನ್ನು ಕುಡಿದವನು ಒಂದು ಸಣ್ಣ ಪೆಗ್ಗನ್ನೇ ಕುಡಿದಂತೆ.

ವಿಡಿಯೋದವರು ಹೇಳುವ ‘ಎಲ್ಲಕ್ಕೂ ಒಳ್ಳೆಯದು’ ಎಂಬುದರ ಬಗ್ಗೆ: ಲಾವಂಚದ ಸಾರವನ್ನು ಗಾಜಿನ ತಟ್ಟೆಯಲ್ಲಿ ಸೂಕ್ಷ್ಮಾಣುಗಳ ಮೇಲೆ, ಇಲಿಗಳ ಮೇಲೆ ಪರೀಕ್ಷಿಸಿರುವುದು ನಿಜ. ತಟ್ಟೆಯಲ್ಲಿ ಸೂಕ್ಷ್ಮಾಣು ಸತ್ತಿತೆಂದರೆ ಮನುಷ್ಯನ ಚರ್ಮರೋಗ ವಾಸಿಯಾಯಿತೆಂದಲ್ಲ. ಮದ್ಯ ಕುಡಿದರೆ ನಿದ್ದೆ ಬರುವುದಕ್ಕೆ ಲಾವಂಚ ಬೇಕಾಗಿಲ್ಲ; ಆ ನಿದ್ದೆ ನಡುರಾತ್ರಿಯಲ್ಲಿ ಒಡೆಯುವುದೂ ಹೌದು. ಚರ್ಮದ ಉರಿಗೆ ಟಿಂಕ್ಚರ್ ಹಚ್ಚಿದರೆ ಮದ್ಯಸಾರವೇ ಉರಿಸುತ್ತದೆ, ಒಣಗಿಸುತ್ತದೆ. ಚರಕನು ಹೇಳಿದ ಲೇಪಕ್ಕೆ ಬೇರಿನ ಪುಡಿ, ನೀರು ಸಾಕು, ಬೇಕಾದರೆ ಪನ್ನೀರು.

ಪ್ರಶ್ನೆ: ನಮ್ಮ ಯಜಮಾನರು ಕುಡಿತ ಬಿಟ್ಟಿದ್ದಾರೆ. ವ್ಯಸನಮುಕ್ತಿ ಕೇಂದ್ರದಲ್ಲಿ ಕೊಟ್ಟ ಮಾತ್ರೆಯನ್ನು ಈಗಲೂ ನುಂಗುತ್ತಾರೆ. ಮೂಲವ್ಯಾಧಿಯಲ್ಲಿ ರಕ್ತ ಬರುತ್ತದೆಂದು ಸಂಬಂಧಿಕರೊಬ್ಬರು ಉಶೀರಾಸವ ತಂದುಕೊಟ್ಟಿದ್ದಾರೆ. ಕೊಡಲೇ?
— ಗೃಹಿಣಿ, ಶಿರಾ

ಉತ್ತರ: ಕೊಡಬೇಡಿ, ಅಮ್ಮಾ. ಆ ಮಾತ್ರೆ ಡೈಸಲ್ಫಿರಾಂ ಆಗಿದ್ದರೆ ಅಲ್ಪ ಮದ್ಯಸಾರವೂ ಅದರೊಡನೆ ಸೇರಿ ಮುಖ ಕೆಂಪೇರುವುದು, ಎದೆ ಬಡಿದುಕೊಳ್ಳುವುದು, ವಾಂತಿ, ರಕ್ತದೊತ್ತಡದ ಕುಸಿತ ಇವೆಲ್ಲವನ್ನೂ ತರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರಗಳವರೆಗೆ ಈ ಅಪಾಯ ಇರುತ್ತದೆ. ಮಾತ್ರೆ ಯಾವುದೇ ಆಗಿರಲಿ, ಕುಡಿತವನ್ನು ಪ್ರಯಾಸದಿಂದ ಬಿಟ್ಟವರ ನಾಲಿಗೆಗೆ ಆ ರುಚಿಯನ್ನು ಔಷಧಿಯ ಹೆಸರಿನಲ್ಲಿ ಮತ್ತೆ ತಾಗಿಸುವುದು ಜಾಣತನವಲ್ಲ. ಆಸವ, ಅರಿಷ್ಟ ಎಂದು ಹೆಸರಿರುವ ಎಲ್ಲವೂ, ಕೆಮ್ಮಿನ ಕೆಲವು ಸಿರಪ್ಪುಗಳೂ ಈ ಮಾತಿಗೆ ಒಳಪಡುತ್ತವೆ. ಮೂಲವ್ಯಾಧಿಗೆ ಮದ್ಯಸಾರವಿಲ್ಲದ ಮದ್ದುಗಳು ಬೇಕಾದಷ್ಟಿವೆ. ರಕ್ತ ಬರುತ್ತಿರುವುದು ಮೂಲವ್ಯಾಧಿಯಿಂದಲೇ ಹೌದೇ ಎಂದು ವೈದ್ಯರೊಬ್ಬರು ಪರೀಕ್ಷಿಸಿ ಹೇಳುವುದು ಅದಕ್ಕಿಂತ ಮುಖ್ಯ.

ಪ್ರಶ್ನೆ: ನಮ್ಮ ಮಾವನವರಿಗೆ ಹೃದಯದ ಕವಾಟ ಬದಲಾಯಿಸಿ, ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಕೊಟ್ಟಿದ್ದಾರೆ. ಅಮೆರಿಕದಲ್ಲಿರುವ ನಮ್ಮ ಮೈದುನ ‘ಸ್ವೀಟ್‌ಗ್ರಾಸ್’ ಎಂಬ ಹುಲ್ಲಿನ ಟಿಂಕ್ಚರ್ ತಂದಿದ್ದಾರೆ. ವೆನಿಲ್ಲಾದಂತಹ ಪರಿಮಳ. ಅದು ಅಲ್ಲಿನ ಲಾವಂಚ, ಕೆಮ್ಮಿಗೆ ಒಳ್ಳೆಯದು ಎನ್ನುತ್ತಾರೆ. ಮಾವನವರಿಗೆ ಕೊಡಬಹುದೇ?
— ಓದುಗರು, ಮುಳಬಾಗಿಲು

ಉತ್ತರ: ಅದು ಲಾವಂಚವಲ್ಲ. ಹುಲ್ಲಿನ ಕುಟುಂಬಕ್ಕೆ ಸೇರಿದ್ದೇನೋ ನಿಜ, ಆದರೆ ಹೈರೋಕ್ಲೋಯಿ ಓಡೊರಾಟಾ ಎಂಬ ಈ ಹುಲ್ಲು ಉತ್ತರ ಅಮೆರಿಕ ಮತ್ತು ಉತ್ತರ ಯೂರೋಪಿನ ಚಳಿಯ ಬಯಲುಗಳದ್ದು. ಅಮೆರಿಕದ ಮೂಲನಿವಾಸಿಗಳು ಅದನ್ನು ಜಡೆಯಂತೆ ಹೆಣೆದು ಒಣಗಿಸಿ, ಪೂಜಾಕಾರ್ಯಗಳಲ್ಲಿ ಧೂಪವಾಗಿ ಉರಿಸುತ್ತಾರೆ. ಕೆಮ್ಮು, ಗಂಟಲುನೋವಿಗೆ ಅದರ ಕಷಾಯ ಕುಡಿಯುವ ಪದ್ಧತಿಯೂ ಅವರಲ್ಲಿ ಇತ್ತು. ಪೋಲೆಂಡಿನ ಝುಬ್ರೂವ್ಕಾ ಎಂಬ ವೋಡ್ಕಾದ ಬಾಟಲಿಯೊಳಗೆ ಇದೇ ಹುಲ್ಲಿನ ಒಂದು ಎಸಳು ಇರುತ್ತದೆ. ಲಾವಂಚದಲ್ಲಿ ಬಳಕೆಯಾಗುವುದು ಬೇರು, ಇದರಲ್ಲಿ ಗರಿ. ಅದರ ಪರಿಮಳ ಸೆಸ್ಕ್ವಿಟರ್ಪೀನುಗಳದ್ದು, ಇದರದು ಕೂಮರಿನ್ ಎಂಬ ವಸ್ತುವಿನದು.

ನಿಮ್ಮ ಮಾವನವರ ವಿಷಯದಲ್ಲಿ ಗಮನಿಸಬೇಕಾದದ್ದು ಈ ಕೂಮರಿನ್ ಅನ್ನೇ. ಕೂಮರಿನ್ ತಾನೇ ರಕ್ತವನ್ನು ತೆಳುಮಾಡುವುದಿಲ್ಲ. ಆದರೆ ಕೂಮರಿನ್ ಇರುವ ಸೊಪ್ಪು ಬೂಷ್ಟು ಹಿಡಿದಾಗ ಅದು ಡೈಕೂಮರಾಲ್ ಎಂಬ ರಕ್ತಸ್ರಾವಕಾರಿ ವಸ್ತುವಾಗಿ ಮಾರ್ಪಡುತ್ತದೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದಲ್ಲಿ ಕೆಟ್ಟುಹೋದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸತ್ತದ್ದು ಇದರಿಂದ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಮತ್ತು ಸಂಗಡಿಗರು ಆ ವಸ್ತುವನ್ನು ಬೇರ್ಪಡಿಸಿದರು. ಅದರ ಜಾಡಿನಲ್ಲೇ ವಾರ್ಫರಿನ್ ಹುಟ್ಟಿತು. ನಿಮ್ಮ ಮಾವನವರು ನುಂಗುತ್ತಿರುವುದು ವಾರ್ಫರಿನ್ ಅಥವಾ ಅದರ ಬಳಗದ ಅಸಿನೋಕೂಮರಾಲ್ ಇರಬೇಕು. ಅಂತಹವರಿಗೆ, ಎಷ್ಟು ಕೂಮರಿನ್ ಇದೆಯೆಂದು, ಹುಲ್ಲನ್ನು ಹೇಗೆ ಒಣಗಿಸಿದ್ದಾರೆಂದು ಲೇಬಲ್ಲಿನಲ್ಲಿ ಇಲ್ಲದ ಟಿಂಕ್ಚರನ್ನು ಕೊಡುವ ಮಾತೇ ಇಲ್ಲ. ಮದ್ಯಸಾರವೂ ಆ ಮಾತ್ರೆಯ ಪರಿಣಾಮವನ್ನು ಏರುಪೇರು ಮಾಡಬಲ್ಲದು. ಈಗಾಗಲೇ ಕೊಟ್ಟಿದ್ದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ತಡಮಾಡದೆ ಮಾಡಿಸಿ.

ಉಳಿದವರಿಗೂ ಎಚ್ಚರಿಕೆ ಬೇಕು. ಹೆಚ್ಚು ಕೂಮರಿನ್ ಕೆಲವರ ಯಕೃತ್ತಿಗೆ ತೊಂದರೆ ಕೊಡುತ್ತದೆ. ಅಮೆರಿಕದಲ್ಲಿ 1954ರಿಂದ ಆಹಾರಕ್ಕೆ ಅದನ್ನು ಬೆರೆಸುವಂತಿಲ್ಲ. ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿ.ಗ್ರಾಂ ಮಿತಿಯೆಂದಿದೆ, ಅಂದರೆ 60 ಕಿಲೋ ತೂಗುವವರಿಗೆ 6 ಮಿ.ಗ್ರಾಂ. ಮದ್ಯಸಾರದಲ್ಲಿ ಕೂಮರಿನ್ ಚೆನ್ನಾಗಿ ಕರಗುವುದರಿಂದ ಟಿಂಕ್ಚರು ಕಷಾಯಕ್ಕಿಂತ ಗಾಢವಾಗಿರುತ್ತದೆ. ಅಂದಹಾಗೆ, ನಮ್ಮ ಅಂಗಡಿಗಳಲ್ಲಿ ಚಕ್ಕೆಯೆಂದು ಮಾರುವ ದಪ್ಪ ಕ್ಯಾಸಿಯಾ ತೊಗಟೆಯಲ್ಲೂ ಕೂಮರಿನ್ ಇದೆ. ಸಕ್ಕರೆ ಕಾಯಿಲೆಗೆಂದು ಅದರ ಪುಡಿಯನ್ನು ದಿನವೂ ಚಮಚಗಟ್ಟಲೆ ತಿನ್ನುವವರು ಇದನ್ನು ನೆನಪಿಡಬೇಕು.

ಪ್ರಶ್ನೆ: ಆರು ವರ್ಷದ ಮಗಳಿಗೆ ಬೇಸಿಗೆಯಲ್ಲಿ ಮೈತುಂಬ ಬೆವರುಸಾಲೆ, ಉರಿಮೂತ್ರ. ಉಶೀರಾಸವ ಎಷ್ಟು ಕೊಡಬೇಕು?
— ತಾಯಿ, ಚಿಂತಾಮಣಿ

ಉತ್ತರ: ಈ ತೊಂದರೆಗಳಿಗೆ ಆರು ವರ್ಷದ ಮಗುವಿಗೆ ಮದ್ಯಸಾರವಿರುವ ಔಷಧಿಯ ಅಗತ್ಯವಿಲ್ಲ. ಲಾವಂಚದ ನುಣುಪು ಪುಡಿಯನ್ನು ನೀರಿನಲ್ಲಿ ಕಲಸಿ ಬೆವರುಸಾಲೆಯ ಮೇಲೆ ತೆಳ್ಳಗೆ ಹಚ್ಚಿ, ಒಣಗುವ ಮೊದಲೇ ತೊಳೆಯಿರಿ. ತೆಳುವಾದ ಹತ್ತಿಬಟ್ಟೆ ಹಾಕಿ. ಚೆನ್ನಾಗಿ ತೊಳೆದ ಒಂದು ಹಿಡಿ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಕುಡಿಯುವ ನೀರಿನ ಮಡಕೆಗೆ ಹಾಕಿದರೆ ಸಾಕು. ಗಂಟನ್ನು ಎರಡು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿ, ವಾಸನೆ ಹೋದ ಮೇಲೆ ಬದಲಾಯಿಸಿ. ಉರಿಮೂತ್ರ ಮಾತ್ರ ಬೇರೆ ವಿಷಯ. ನೀರು ಹೆಚ್ಚು ಕುಡಿದರೂ ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ, ಜ್ವರವಿದ್ದರೆ, ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಹೆಣ್ಣುಮಕ್ಕಳಲ್ಲಿ ಮೂತ್ರದ ಸೋಂಕನ್ನು ‘ಉಷ್ಣ’ವೆಂದು ತಳ್ಳಿಹಾಕಿ ತಡಮಾಡುವುದನ್ನು ನಾನು ಆಗಾಗ ನೋಡುತ್ತೇನೆ. ಗರ್ಭಿಣಿಯರಿಗೂ ಮದ್ಯಸಾರದ ಕುರಿತು ಇದೇ ಮಾತು.

ಪ್ರಶ್ನೆ: ಸಕ್ಕರೆ ಕಾಯಿಲೆಯವರು ಉಶೀರಾಸವ ಕುಡಿಯಬಹುದೇ? ಪ್ರಮೇಹಕ್ಕೆ ಒಳ್ಳೆಯದೆಂದು ಲೇಬಲ್ಲಿನಲ್ಲೇ ಇದೆ.
— ಓದುಗರು, ಮಾಲೂರು

ಉತ್ತರ: ಗ್ರಂಥದಲ್ಲಿ ಪ್ರಮೇಹದ, ಅಂದರೆ ಸಕ್ಕರೆ ಕಾಯಿಲೆಯೂ ಸೇರುವ ಮೂತ್ರದ ರೋಗಗಳ ಗುಂಪಿನ, ಹೆಸರಿದೆ. ಆದರೆ ಸುಮಾರು 25 ಲೀಟರಿಗೆ ಏಳು ಕಿಲೋಗೂ ಮಿಗಿಲಾದ ಸಕ್ಕರೆ ಮತ್ತು ಜೇನು ಬೀಳುತ್ತವೆ. ಯೀಸ್ಟು ಅದರಲ್ಲಿ ಒಂದು ಭಾಗವನ್ನಷ್ಟೇ ತಿನ್ನುತ್ತದೆ, ಮಿಕ್ಕದ್ದು ಸಿಹಿಯಾಗಿಯೇ ನಿಮ್ಮ ಲೋಟಕ್ಕೆ ಬರುತ್ತದೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳದೆ ಶುರುಮಾಡಬಾರದು. ಲಾವಂಚವೇ ಬೇಕಾದರೆ ನೀರಿನಲ್ಲಿ ನೆನೆಸಿದ್ದು ನಿಮಗೆ ಸರಿ, ಬೆಲ್ಲವಿಲ್ಲದೆ.

ಪ್ರಶ್ನೆ: ನಮ್ಮ ತೋಟದ ಬದಿಯಲ್ಲಿ ಮಜ್ಜಿಗೆ ಹುಲ್ಲು ಬೇಕಾದಷ್ಟಿದೆ. ಲಾವಂಚದ ಬದಲು ಅದನ್ನೇ ಆಸವಕ್ಕೆ ಬಳಸಬಹುದೇ? ಹೋಮಿಯೋಪತಿಯಲ್ಲಿ ಲಾವಂಚವಿದೆಯೇ?
— ರೈತರು, ಕೊರಟಗೆರೆ

ಉತ್ತರ: ಬಳಸಬಾರದು, ಗುಣವೇ ಬೇರೆ. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ನಾಲ್ಕನೇ ಮೂರು ಪಾಲಿನಷ್ಟು ಸಿಟ್ರಾಲ್ ಇರುತ್ತದೆ. ಅದು ತೀಕ್ಷ್ಣ, ಬೆವರು ತರಿಸುವಂಥದ್ದು. ನೆಗಡಿ, ಹೊಟ್ಟೆಯುಬ್ಬರಕ್ಕೆ ಅದರ ಗರಿಯ ಬಿಸಿನೀರು ಸರಿ, ರಕ್ತಪಿತ್ತಕ್ಕೆ ಅಲ್ಲ. ಅದರ ಎಣ್ಣೆಯನ್ನು ಹಾಗೆಯೇ ಕುಡಿಯುವುದು, ಚರ್ಮಕ್ಕೆ ಹಚ್ಚುವುದು ಎರಡೂ ಬೇಡ. ಹೋಮಿಯೋಪತಿಯಲ್ಲಿ ಲಾವಂಚವು ಅನಾಥೆರಂ ಮ್ಯೂರಿಕೇಟಂ ಎಂಬ ಹೆಸರಿನಲ್ಲಿ ಚರ್ಮದ ತೊಂದರೆಗಳಿಗೆ ಬಳಕೆಯಲ್ಲಿದೆ. ಅದರ ಮದರ್ ಟಿಂಕ್ಚರ್ ಕೂಡ ಮದ್ಯಸಾರದ ದ್ರಾವಣವೇ, ಅದಕ್ಕೂ ಮೇಲಿನ ಎಚ್ಚರಿಕೆಗಳು ಅನ್ವಯಿಸುತ್ತವೆ. ಲಾವಂಚವನ್ನು ಬೆಳೆಯುವ ಮನಸ್ಸಿದ್ದರೆ ಬೆಂಗಳೂರಿನಲ್ಲಿರುವ ಸಿಮ್ಯಾಪ್ (ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ) ಸಂಶೋಧನಾ ಕೇಂದ್ರದಲ್ಲಿ ತಳಿಗಳ ಬಗ್ಗೆ ವಿಚಾರಿಸಿ. ಬದುವಿಗೆ ನೆಟ್ಟರೆ ಮಣ್ಣನ್ನೂ ಹಿಡಿಯುತ್ತದೆ.

ಪ್ರಶ್ನೆ: ಗ್ರಂಥಿಗೆ ಅಂಗಡಿಯಲ್ಲಿ ಒಳ್ಳೆಯ ಲಾವಂಚವನ್ನು ಗುರುತಿಸುವುದು ಹೇಗೆ? ಮನೆಯಲ್ಲಿರುವ ಹಳೆಯ ಉಶೀರಾಸವದ ತಳದಲ್ಲಿ ಗಷ್ಟು ಕೂತಿದೆ; ಬಳಸಬಹುದೇ?
— ಓದುಗರು, ಬಾಗೇಪಲ್ಲಿ

ಉತ್ತರ: ಬೇರನ್ನು ಒದ್ದೆಮಾಡಿ ಮೂಸಿ ನೋಡಿ. ಒಳ್ಳೆಯ ಬೇರು ತೆಳು ಹಳದಿಮಿಶ್ರಿತ ಕಂದು ಬಣ್ಣದ್ದಾಗಿ, ಎಳೆಎಳೆಯಾಗಿ, ಸುಲಭಕ್ಕೆ ಮುರಿಯದೆ, ಒದ್ದೆಯಾದೊಡನೆ ಪರಿಮಳ ಬಿಡುತ್ತದೆ. ಎಣ್ಣೆ ತೆಗೆದ ಬೇರು ತಟ್ಟಿ, ಪರದೆಗಳಿಗೆ ಹೋಗುತ್ತದೆ. ನೋಡಲು ಹೆಚ್ಚು ವ್ಯತ್ಯಾಸವಿಲ್ಲ, ಮೂಗಿಗೆ ಮಾತ್ರ ಗೊತ್ತಾಗುತ್ತದೆ. ಕೂಲರಿನ ಪರದೆಗೆಂದು ಮಾರುವ ಬೇರನ್ನು ಕುಡಿಯುವ ನೀರಿಗೆ ಹಾಕಬೇಡಿ. ಬೂಷ್ಟು ವಾಸನೆ ಇದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಆಸವದ ತಳದಲ್ಲಿ ಸ್ವಲ್ಪ ಗಷ್ಟು ಕೂರುವುದು ಸಹಜ. ತೊಗಟೆಗಳ ಒಗರು ಅಂಶ ಕಾಲಕ್ರಮದಲ್ಲಿ ಇಳಿಯುತ್ತದೆ. ಆಸವಾರಿಷ್ಟಗಳು ಹಳೆಯದಾದಷ್ಟೂ ಉತ್ತಮವೆಂಬ ಮಾತು ಗ್ರಂಥಗಳಲ್ಲಿದೆ, ಆದರೆ ಅದು ಬಿಗಿಯಾಗಿ ಮುಚ್ಚಿದ್ದಕ್ಕೆ. ತೆರೆದ ಬಾಟಲಿಯೊಳಗೆ ಗಾಳಿ ಹೋದರೆ ಬೇರೊಂದು ಬಗೆಯ ಸೂಕ್ಷ್ಮಾಣು ಮದ್ಯಸಾರವನ್ನು ಹುಳಿಯಾಗಿಸುತ್ತದೆ. ಮೊದಲು ಲೇಬಲ್ಲಿನ ಮೇಲಿನ ಅವಧಿ ನೋಡಿ, ಆಮೇಲೆ ಮುಚ್ಚಳ ತೆಗೆದು ಮೂಸಿ. ವಿನಿಗರಿನಂತೆ ಮೂಗಿಗೆ ಹೊಡೆದರೆ, ಮೇಲೆ ಕೆನೆಗಟ್ಟಿದ್ದರೆ ಅಥವಾ ತೆರೆದಾಗ ಬುಸ್ಸೆಂದು ನೊರೆ ಉಕ್ಕಿದರೆ ಚೆಲ್ಲಿಬಿಡಿ.